ಇನಿಷಿಯಲ್ ಒಳಗಿನ ಊರು, ಬಿಂದಿಗೆಯ ಮೇಲಿನ ಹೆಸರು



ಸಮ್ಮೇಳನದ ಆಶಯ ಭಾಷಣಕ್ಕೆ ಸಾಮಾನ್ಯವಾಗಿ ಸಾಹಿತಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಸುತ್ತಾರೆ. ಈ ಸಲ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ನಿಲ್ಲಿಸಿದ್ದಾರೆ. ಸಂಘದ ಲೆಕ್ಕ ಬರೆಯುವವನೂ ನಾನೇ ಆದ್ದರಿಂದ ಇದರಲ್ಲಿ ವಿಮಾನದ ಖರ್ಚು ಉಳಿಸುವ ಆಲೋಚನೆ ಎಷ್ಟಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಇರಲಿ. ನನಗೆ ಗೊತ್ತಿರುವ ಕೆಲಸ ಒಂದೇ. ಬರೆದ ಬಾಬ್ತಿಗೆ ವೋಚರ್ ಎಲ್ಲಿದೆ ಎಂದು ಕೇಳುವುದು. ಇವತ್ತು ಆ ಪ್ರಶ್ನೆಯನ್ನು ನಮ್ಮ ನಮ್ಮ ಹೆಸರಿಗೇ ಕೇಳೋಣ ಎಂದುಕೊಂಡಿದ್ದೇನೆ.

ನಾವು ಸೇರಿರುವ ಈ ಊರಿನ ಹೆಸರಿನಿಂದಲೇ ಶುರು ಮಾಡಬಹುದು. ಮಲಯ ಭಾಷೆಯಲ್ಲಿ ಬಯಾನ್ ಎಂದರೆ ಗಿಳಿ, ಲೆಪಾಸ್ ಎಂದರೆ ಬಿಡುಗಡೆಯಾದದ್ದು. ಬಯಾನ್ ಲೆಪಾಸ್ ಎಂದರೆ ಹಾರಿಹೋದ ಗಿಳಿ. 1972ರಲ್ಲಿ ಇಲ್ಲಿ ಕೈಗಾರಿಕಾ ವಲಯ ತೆರೆದ ಮೇಲೆ ಜಗತ್ತಿನ ಚಿಪ್ ಕಂಪನಿಗಳು ಬಂದವು, ಅವುಗಳ ಹಿಂದೆಯೇ ನಾವೂ ಹಾರಿಬಂದೆವು. ಗೂಡಿನ ವಿಳಾಸ ನಮ್ಮ ಹೆಸರಿನಲ್ಲಿ ಒಂದೇ ಒಂದು ಅಕ್ಷರವಾಗಿ ಉಳಿದಿದೆ.

ಮಿಸ್ಟರ್ ಹಳ್ಳಿ

ನನ್ನ ಊರು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿದೆ. ಶಾಲೆಯ ರಿಜಿಸ್ಟರಿನಲ್ಲಿ ನನಗೆ ಎರಡು ಇನಿಷಿಯಲ್ ಇದ್ದವು. ಮೊದಲನೆಯದು ಊರು, ಎರಡನೆಯದು ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದರು. ಬಿಡಿಸಿ ಬರೆದೆ. ಸರ್‌ನೇಮ್ ಎಂಬ ಖಾನೆಗೆ ಊರು ಹೋಗಿ ಕೂತಿತು. ಅಂದಿನಿಂದ ಪೆನಾಂಗಿನ ಆಸ್ಪತ್ರೆ, ಬ್ಯಾಂಕು, ಎಲ್ಲ ಕಡೆಯೂ ನನ್ನನ್ನು ನಮ್ಮ ಹಳ್ಳಿಯ ಹೆಸರಿನಿಂದಲೇ ಕೂಗುತ್ತಾರೆ. ಉದ್ದ ಹೆಸರು ಓದಲಾಗದೆ ಕೊನೆಯ ಭಾಗವನ್ನಷ್ಟೇ ಹಿಡಿದು ‘ಮಿಸ್ಟರ್ ಹಳ್ಳಿ’ ಎಂದವರೂ ಇದ್ದಾರೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಎದ್ದು ಹೋಗುವುದು ಅಭ್ಯಾಸವಾಯಿತು.

ಇದರ ಬಗ್ಗೆ ನಾನು ನಿಜವಾಗಿ ಯೋಚಿಸಿದ್ದು ಎರಡು ಕಾರಣಗಳಿಂದ. ಮೊದಲನೆಯದು ಕಾರ್ಖಾನೆಯಲ್ಲಿ ನನ್ನ ಜೊತೆ ಎರಡು ವರ್ಷ ಕೆಲಸ ಮಾಡಿದ ಕೆನಡಾದ ಸಹೋದ್ಯೋಗಿ. ಅವರು ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದವರು. ಒಂದು ಸಂಜೆ ಟೆ ತಾರಿಕ್ ಕುಡಿಯುತ್ತಾ ಕೂತಿದ್ದಾಗ, ಕಾಗದದ ಕರವಸ್ತ್ರದ ಮೇಲೆ ತಮ್ಮ ಮನೆತನದ ಹನ್ನೊಂದು ತಲೆಮಾರುಗಳನ್ನು ಗಂಡನ ಹೆಸರು, ಹೆಂಡತಿಯ ಹೆಸರು, ಮದುವೆಯ ವರ್ಷ ಸಮೇತ ಬರೆದು ತೋರಿಸಿದರು. ‘ನಿಮ್ಮದು?’ ಎಂದು ಕೇಳಿದರು. ನಾನು ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಬರೆದು ಪೆನ್ನು ಕೆಳಗಿಟ್ಟೆ. ಅವರು ಹಿಂದುಗಡೆಯ ಖಾಲಿ ಜಾಗ ನೋಡಿ, ‘ಹೆಂಗಸರು ಎಲ್ಲಿ?’ ಎಂದರು. ಅಮ್ಮನ ಹೆಸರು ಬರೆದೆ. ಅಜ್ಜಿಯದು ಬರೆದೆ. ಮುತ್ತಜ್ಜಿಯ ಹೆಸರು ಗೊತ್ತಿರಲಿಲ್ಲ.

ಎರಡನೆಯ ಕಾರಣ, ಅದಾದ ಮರುವರ್ಷ ಅಪ್ಪ ತೀರಿಕೊಂಡದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಒಬ್ಬ ಮನುಷ್ಯ, ಎರಡು ಹೆಸರು

ಕೆನಡಾದ ಗೆಳೆಯರ ಹನ್ನೊಂದು ತಲೆಮಾರಿನ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. 1665ರಲ್ಲಿ ಫ್ರಾನ್ಸಿನಿಂದ ಕರಿಞಾನ್ ಸಾಲಿಯೇರ್ ಎಂಬ ದಳದ ಸುಮಾರು 1,200 ಸೈನಿಕರು ಕ್ವಿಬೆಕ್ಕಿಗೆ ಬಂದರು. ಕೆಲಸ ಮುಗಿದ ಮೇಲೆ ಸುಮಾರು 400 ಮಂದಿ ಅಲ್ಲೇ ನಿಂತರು. 1663ರಿಂದ 1673ರವರೆಗೆ ರಾಜನ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳನ್ನು ಮದುವೆಗೆಂದು ಅಲ್ಲಿಗೆ ಕಳಿಸಲಾಯಿತು. ಇಂದಿನ ಲಕ್ಷಾಂತರ ಫ್ರೆಂಚ್ ಕೆನಡಿಯನ್ನರ ಬೇರು ಇಂಥವರಲ್ಲಿದೆ.

ಸೈನಿಕರಿಗೆ ದಳದಲ್ಲಿ ಒಂದು ಅಡ್ಡಹೆಸರು ಇರುತ್ತಿತ್ತು. ಲಾಫ್ಲರ್ ಎಂದರೆ ಹೂವು, ಲಾಜೆನೆಸ್ ಎಂದರೆ ಯೌವನ, ಸಾನ್‌ಸೂಸಿ ಎಂದರೆ ಚಿಂತೆಯಿಲ್ಲದವನು. ಬೇರೆಯವರಿಗೆ ಹುಟ್ಟಿದ ದೇಶದಿಂದ, ಹೊಲದ ಗುರುತಿನಿಂದ ಹೆಸರು ಅಂಟುತ್ತಿತ್ತು. ಪಿಯೇರ್ ಮಿವೀಲ್ ಎಂಬ ವಲಸಿಗ ಸ್ವಿಟ್ಜರ್ಲೆಂಡ್ ಮೂಲದವನು. ಅವನು ದಾಖಲೆಗಳಲ್ಲಿ ‘ಮಿವೀಲ್ ದಿ ಲೆ ಸ್ವಿಸ್’. ಇಲ್ಲಿ ‘ದಿ’ ಎಂದರೆ ‘ಎಂದು ಕರೆಯಲ್ಪಡುವ’ ಎಂದರ್ಥ. ಮಕ್ಕಳ ಕಾಲಕ್ಕೆ ಒಂದು ಕವಲು ಮೊದಲ ಹೆಸರು ಉಳಿಸಿಕೊಳ್ಳುತ್ತದೆ, ಇನ್ನೊಂದು ಕವಲು ‘ದಿ’ಯ ನಂತರದ್ದನ್ನು ಹಿಡಿಯುತ್ತದೆ. ಎರಡು ಮೂರು ತಲೆಮಾರಿನ ನಂತರ ಒಡಹುಟ್ಟಿದವರ ಮೊಮ್ಮಕ್ಕಳು ಬೇರೆ ಬೇರೆ ಸರ್‌ನೇಮ್ ಇಟ್ಟುಕೊಂಡು ಅಪರಿಚಿತರಾಗಿ ಓಡಾಡುತ್ತಾರೆ. 19ನೇ ಶತಮಾನದಲ್ಲಿ ಅಮೆರಿಕದ ಗಿರಣಿಗಳಿಗೆ ಕೂಲಿಗೆ ಹೋದವರಲ್ಲಿ ಕೆಲವು ಲೆಬ್ಲಾನ್‌ಗಳು ವೈಟ್ ಆದರು, ಬ್ವಾವೇರ್‌ಗಳು ಗ್ರೀನ್‌ವುಡ್ ಆದರು. ಅರ್ಥ ಉಳಿಯಿತು, ಸದ್ದು ಹೋಯಿತು.

ಇಷ್ಟು ಗೋಜಲಿದ್ದರೂ ಅವರು ಹನ್ನೊಂದು ತಲೆಮಾರು ಹಿಂದಕ್ಕೆ ಹೋಗುವುದು ಹೇಗೆ? ಕಾರಣ ಲೆಕ್ಕದವರಿಗೆ ಬಹಳ ಇಷ್ಟವಾಗುವಂಥದ್ದು. ಫ್ರಾನ್ಸಿನ 1667ರ ಕಾನೂನಿನ ಪ್ರಕಾರ ಚರ್ಚಿನ ಪಾದ್ರಿ ಹುಟ್ಟು, ಮದುವೆ, ಸಾವುಗಳ ರಿಜಿಸ್ಟರನ್ನು ಎರಡು ಪ್ರತಿ ಇಡಬೇಕಿತ್ತು. ಒಂದು ಚರ್ಚಿನಲ್ಲಿ, ಇನ್ನೊಂದು ನ್ಯಾಯಾಲಯದ ದಫ್ತರದಲ್ಲಿ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಉಳಿಯುತ್ತದೆ. ಮದುವೆಯ ದಾಖಲೆಯಲ್ಲಿ ಗಂಡು ಹೆಣ್ಣು ಇಬ್ಬರ ತಂದೆತಾಯಿಯ ಹೆಸರೂ ಬರುತ್ತಿತ್ತು, ತಾಯಿಯದು ತವರಿನ ಹೆಸರೇ. ಹೆಣ್ಣು ಎಷ್ಟು ಸಲ ಮದುವೆಯಾದರೂ, ಸತ್ತರೂ, ದಾಖಲೆಯಲ್ಲಿ ಅವಳು ಹುಟ್ಟಿದ ಹೆಸರಿನವಳೇ. 1871ರಿಂದ 1890ರ ನಡುವೆ ಸಿಪ್ರಿಯಾನ್ ತಾಂಗೇ ಎಂಬ ಪಾದ್ರಿ ಈ ರಿಜಿಸ್ಟರುಗಳನ್ನು ಜಾಲಾಡಿ ಏಳು ಸಂಪುಟಗಳ ವಂಶಾವಳಿ ಕೋಶ ಹೊರತಂದರು. 1966ರಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯ ಅದೇ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸತೊಡಗಿತು. 1981ರಿಂದ ಕ್ವಿಬೆಕ್ಕಿನಲ್ಲಿ ಮದುವೆಯಾದ ಹೆಣ್ಣು ಹುಟ್ಟಿದ ಹೆಸರನ್ನೇ ಉಳಿಸಿಕೊಳ್ಳಬೇಕೆಂಬುದು ಕಾನೂನೂ ಆಗಿದೆ.

ನಮ್ಮ ಹೆಸರಿನ ಕಟ್ಟಡ

ಇದನ್ನು ಕೇಳಿ ನಮ್ಮಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. ನಮ್ಮ ಹೆಸರು ಒಂದು ಪುಟ್ಟ ದಾಖಲೆಯೇ. ಕುವೆಂಪು ಎಂದರೆ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಊರು, ತಂದೆ, ತಾನು. ಹಳೇ ಮೈಸೂರಿನ ಬಹುಪಾಲು ಇನಿಷಿಯಲ್‌ಗಳ ಕ್ರಮ ಇದೇ. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಎಂದರೆ ಮೋಕ್ಷಗುಂಡಂ. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಪೂರ್ವಿಕರು ಊರು ಬಿಟ್ಟು ಎಷ್ಟು ಕಾಲವಾದರೂ ಊರು ಅವರ ಹೆಸರು ಬಿಡಲಿಲ್ಲ.

ಧಾರವಾಡ, ಬೆಳಗಾವಿ ಕಡೆ ಕ್ರಮ ತಿರುಗಿ ನಿಲ್ಲುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾನು, ತಂದೆ, ಮನೆತನ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಹೆಸರಿನಲ್ಲಿರುವ ಊರು ಗೋಕಾಕ. ಅಲ್ಲಿ ಉದ್ಯೋಗದ ಹೆಸರುಗಳಿವೆ: ಪಾಟೀಲ, ಕುಲಕರ್ಣಿ, ಕಂಬಾರ, ಅಂಗಡಿ. ಅಡುಗೆಮನೆಯೂ ಇದೆ: ಬೆಲ್ಲದ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹುಣಸಿಮರದ ಎಂಬ ಹೆಸರಿನವರ ಹಿತ್ತಲಲ್ಲಿ ಯಾವತ್ತೋ ಒಂದು ಹುಣಸೆಮರ ಇದ್ದಿರಲೇಬೇಕು. ಕ್ವಿಬೆಕ್ಕಿನ ‘ದೆಶೆನ್’ ಎಂದರೂ ಓಕ್ ಮರಗಳವನು ಎಂದೇ. ಕೊಡಗಿನಲ್ಲಿ ಒಕ್ಕದ ಹೆಸರು ಮುಂದೆ ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಉತ್ಸವದಲ್ಲಿ ತಂಡಗಳು ಇವತ್ತಿಗೂ ಒಕ್ಕದ ಹೆಸರಿನಲ್ಲೇ ಆಡುತ್ತವೆ.

ಇನ್ನು ನಮ್ಮ ಪಹಣಿ ತೆಗೆದು ನೋಡಿ. ‘ಇಂಥವರು ಬಿನ್ ಇಂಥವರು’ ಎಂದಿರುತ್ತದೆ. ಬಿನ್ ಎಂದರೆ ಮಗ. ಇಲ್ಲಿ ನಮ್ಮ ಕಚೇರಿಯ ಮಲಯ ಗೆಳೆಯರ ಹೆಸರಿನ ನಡುವೆ ಇರುವ ‘ಬಿನ್’ ಅದೇ ಅರಬ್ಬಿ ಪದ. ಅವರಿಗೆ ಅದು ಧರ್ಮದ ಜೊತೆ ಬಂತು, ನಮಗೆ ಕಂದಾಯದ ದಫ್ತರದ ಜೊತೆ ಬಂತು. ಖಾತೆ, ಜಮಾಬಂದಿ, ಶಿರಸ್ತೇದಾರ ಎಂಬ ಪದಗಳ ಸಾಲಿನಲ್ಲೇ ಬಂದು ನಮ್ಮ ರಾಮಯ್ಯ ಬಿನ್ ತಿಮ್ಮಯ್ಯರ ನಡುವೆ ಕೂತಿತು. ಇಲ್ಲಿನ ತಮಿಳು ಗೆಳೆಯರ ಗುರುತಿನ ಚೀಟಿಯಲ್ಲಿರುವ ‘ಎ ಬಾರ್ ಎಲ್’, ಅಂದರೆ ‘ಅನಾಕ್ ಲೆಲಾಕಿ’, ಅದೂ ಮಗ ಎಂದೇ. ಕ್ವಿಬೆಕ್ಕಿನ ‘ದಿ’ಗೂ ನಮ್ಮಲ್ಲಿ ಪದ ಇದೆ. ಕ್ರಯಪತ್ರದಲ್ಲಿ ಬರುವ ‘ಉರುಫ್’. ‘ವೆಂಕಟೇಗೌಡ ಉರುಫ್ ಪುಟ್ಟಣ್ಣ’ ಎಂಬುದು ಸಾವಿರಾರು ಮೈಲಿ ಆಚೆ ಹಿಮದಲ್ಲಿ ನಿಂತ ಸೈನಿಕನ ಹೆಸರಿನ ಕಟ್ಟಡವೇ.

ಹೆಂಗಸರಿಗೆ ಪಹಣಿಯಲ್ಲಿ ‘ಕೋಂ’ ಬರುತ್ತದೆ. ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ. ಅವಳ ತಂದೆ ಯಾರು, ತವರು ಯಾವುದು, ಹುಟ್ಟಿದಾಗ ಇಟ್ಟ ಹೆಸರೇನು ಎಂಬುದಕ್ಕೆ ಖಾನೆ ಇಲ್ಲ. ಇದು ದೊಡ್ಡವರಿಗೂ ತಪ್ಪಿದ್ದಲ್ಲ. ಕುವೆಂಪು ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಹೆಸರಿಗೆ ಬಂದದ್ದು ಕುಪ್ಪಳ್ಳಿ. ಬೇಂದ್ರೆಯವರ ಇನಿಷಿಯಲ್‌ನಲ್ಲಿ ತಂದೆ ಇದ್ದಾರೆ, ತಾಯಿಗೆ ಜಾಗವಿಲ್ಲ. ಅದನ್ನು ಅವರೇ ಸರಿಮಾಡಿಕೊಂಡರು. ಅಂಬಿಕಾತನಯದತ್ತ ಎಂದರೆ ಅಂಬಿಕೆಯ ಮಗ ದತ್ತ. ತುಳುನಾಡಿನ, ಕಾಸರಗೋಡಿನ ಗೆಳೆಯರು ಇಲ್ಲಿದ್ದೀರಿ. ನಿಮ್ಮ ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ನಿಮ್ಮ ಮುತ್ತಜ್ಜಿಯ ತಾಯಿಯ ಬಳಿ ಯಾವುದೆಂದು ನೀವು ನಿದ್ದೆಯಲ್ಲೂ ಹೇಳಬಲ್ಲಿರಿ. ನಮ್ಮ ಬಯಲುಸೀಮೆಯವರಿಗೆ ಅದು ಆಗುವುದಿಲ್ಲ.

ಪೌತಿ ಖಾತೆ

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಹೋದ ಮೇಲೆ ಜಮೀನು ನಮ್ಮ ಹೆಸರಿಗೆ ಪೌತಿ ಖಾತೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ನಮ್ಮಂಥವರಿಗೆ ವಂಶವೃಕ್ಷ ಎಂದರೆ ಮೊದಲು ನೆನಪಾಗುವುದು ಎಸ್.ಎಲ್. ಭೈರಪ್ಪನವರ 1965ರ ಕಾದಂಬರಿ. ಕಚೇರಿಯಲ್ಲಿ ಅದು ಒಂದು ಹಾಳೆಯ ಪತ್ರ. ಹಿಂದೆ ಶಾನುಭೋಗರು ಹೇಳಿದ್ದೇ ವೇದವಾಗಿತ್ತಂತೆ, ಆಮೇಲೆ ಗ್ರಾಮ ಲೆಕ್ಕಿಗರು ಬಂದರು. ನಾನೂ ಲೆಕ್ಕಿಗನೇ ಅಲ್ಲವೇ, ಕಾಗದ ಪತ್ರ ಸರಿಯಾಗಿ ಜೋಡಿಸಿಕೊಂಡೇ ಹೋಗಿದ್ದೆ.

ತೊಡಕು ಅಜ್ಜಿಯ ಹೆಸರಿನಲ್ಲಿತ್ತು. ತೋಟದ ಒಂದು ತುಂಡು ಅಜ್ಜಿಗೆ ಅವರ ತಂದೆ ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದು. ಆ ಪತ್ರದಲ್ಲಿ ಒಂದು ಹೆಸರು. ನಾವು ಬರೆದುಕೊಟ್ಟ ವಂಶವೃಕ್ಷದಲ್ಲಿ ಇನ್ನೊಂದು ಹೆಸರು. ಅಜ್ಜಿಗೆ ಮದುವೆಯಲ್ಲಿ ಗಂಡನ ಮನೆಯವರು ಹೆಸರು ಬದಲಿಸಿದ್ದರು. ಅತ್ತೆಯ ಹೆಸರೂ ಅದೇ ಆಗಿದ್ದರೆ ಸೊಸೆಯನ್ನು ಆ ಹೆಸರಿನಿಂದ ಕರೆಯುವುದು ಹೇಗೆ? ಹಾಗಾಗಿ ಧಾರೆಯ ದಿನವೇ ಹೊಸ ಹೆಸರು. ಅಜ್ಜಿ ಬದುಕಿದ್ದಾಗ ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು ಕೇಳಿರಲಿಲ್ಲ. ನನ್ನನ್ನು ಹತ್ತು ವರ್ಷ ಸಾಕಿದವಳು ಅವಳು. ಅವಳ ಹುಟ್ಟುಹೆಸರು ನನಗೆ ಮೊದಲ ಸಲ ತಿಳಿದದ್ದು, ಹೆಸರು ತಾಳೆಯಾಗುತ್ತಿಲ್ಲ ಎಂದು ಫೈಲ್ ವಾಪಸ್ ಬಂದಾಗ. ಅಧಿಕಾರಿ ಕೇಳಿದ್ದು ಸರಿಯಾಗಿಯೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಇಬ್ಬರೂ ಒಬ್ಬರೇ ಎಂಬುದಕ್ಕೆ ಏನು ಪುರಾವೆ?

ಅಫಿಡವಿಟ್ ಬರೆಸಿದೆವು. ಸಾಕ್ಷಿ ಹೇಳುವ ವಯಸ್ಸಿನವರು ಊರಿನಲ್ಲಿ ಉಳಿದಿರಲಿಲ್ಲ. ಒಂದು ಸಲದ ರಜೆ ಮುಗಿದು ಪೆನಾಂಗಿಗೆ ಬಂದೆ, ಮತ್ತೆ ಹೋದೆ. ಎರಡನೆಯ ಸಲ ದೊಡ್ಡಪ್ಪನ ಮಗ ಅಟ್ಟ ಹತ್ತಿ, ‘ಅಣ್ಣ, ಇದನ್ನ ನೋಡಿಲ್ಲಿ’ ಎಂದು ಒಂದು ಹಿತ್ತಾಳೆ ಬಿಂದಿಗೆ ಇಳಿಸಿದ. ಹುಣಸೆಹಣ್ಣು ಹಾಕಿ ಉಜ್ಜಿದೆವು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ. ಮೊದಲು ಅಜ್ಜಿಯ ತವರೂರು, ಆಮೇಲೆ ಅವಳ ತಂದೆಯ ಹೆಸರು, ಆಮೇಲೆ ‘ಮಗಳು’ ಎಂದು ಅವಳ ಹುಟ್ಟುಹೆಸರು, ಕೊನೆಗೆ ಮದುವೆಯ ಸಂವತ್ಸರ. ಪಾತ್ರೆ ಅಂಗಡಿಯವನು ಅಕ್ಷರಕ್ಕಿಷ್ಟು ಎಂದು ಕಾಸು ತೆಗೆದುಕೊಂಡು ಕೆತ್ತಿದ್ದು. ಎಪ್ಪತ್ತು ವರ್ಷಕ್ಕೂ ಹಿಂದೆ ಒಬ್ಬ ರೈತ ತಂದೆ ಮಗಳ ಹೆಸರಿಗೆ ಇಟ್ಟ ವೋಚರ್ ಅದು. ನಾನು ಎಷ್ಟೋ ಕಂಪನಿಗಳ ಲೆಕ್ಕ ನೋಡಿದ್ದೇನೆ, ಇಷ್ಟು ಗಟ್ಟಿ ಪುರಾವೆ ನೋಡಿಲ್ಲ. ಫೋಟೋ ತೆಗೆದು, ಅಜ್ಜಿಯ ತವರಿನಿಂದ ಅವಳ ತಮ್ಮನ ಮಗನನ್ನು ಕರೆತಂದು, ಹೇಳಿಕೆ ಕೊಡಿಸಿ, ಕೊನೆಗೆ ಖಾತೆ ಆಯಿತು.

ಅಜ್ಜಿಯ ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಮನೆಯ ಮಾತು. ಆದರೆ ನನ್ನ ಮಗಳಿಗೆ ಹೇಳಿದ್ದೇನೆ.

ಹೆಳವನ ಪುಸ್ತಕ

ಅದೇ ಸಲ ಊರಿನಲ್ಲಿದ್ದಾಗ ತಮ್ಮ ಹೆಳವನಿಗೆ ಫೋನ್ ಮಾಡಿದ. ಹೌದು, ಹೆಳವನಿಗೂ ಈಗ ಮೊಬೈಲ್ ನಂಬರ್ ಇದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಒಂದು ಮಾತು: ಹೆಳವರು ಎಂದರೆ ಮನೆಮನೆಗೆ ಹೋಗಿ ಆ ಮನೆತನದ ವಂಶಾವಳಿ ಹೇಳುವ ಸಮುದಾಯ. ಹೆಳವ ಎಂದರೆ ಕಾಲಿಲ್ಲದವನು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಕುರಿತ ತಮ್ಮ ಸಂಪುಟಗಳಲ್ಲಿ ಇವರನ್ನು ಬಳ್ಳಾರಿ, ಮೈಸೂರು ಸೀಮೆಯ ಗ್ರಾಮಚರಿತ್ರೆ ಕಾಯುವವರು ಎಂದು ಗುರುತಿಸಿದ್ದಾರೆ. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಬರುತ್ತಾರೆ, ಮನೆತನದ ಕತೆಯನ್ನೂ ಯುದ್ಧದಲ್ಲಿ ಸತ್ತ ವೀರರ ಹೆಸರನ್ನೂ ಹೇಳುತ್ತಾರೆ ಎಂದು ಬರೆದಿದ್ದಾರೆ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಬೆಳಗಿನ ಜಾವಕ್ಕೆ ಗಂಟೆ ಬಾರಿಸುತ್ತಾ ಬಂದು ಬಾಗಿಲಲ್ಲಿ ನಿಂತು ಹೆಸರುಗಳನ್ನು ಹೇಳುತ್ತಿದ್ದ ದನಿ ನೆನಪಿದೆ. ಅಜ್ಜ ಒಂದು ಮೊರ ರಾಗಿ, ಒಂದು ಕಾಯಿ ಕೊಡುತ್ತಿದ್ದರು. ನಾವು ಹುಡುಗರು ಎತ್ತು ನೋಡುತ್ತಿದ್ದೆವೇ ಹೊರತು ಹೆಸರು ಕೇಳಿಸಿಕೊಳ್ಳಲಿಲ್ಲ.

ಈ ಸಲ ಅವನು ಬೈಕಿನಲ್ಲಿ ಬಂದ. ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ, ಅವನ ತಾತ ಹಳೆಯದರಿಂದ ಪ್ರತಿ ಮಾಡಿದ್ದು. ಜಗಲಿಯಲ್ಲಿ ಕೂತು ಪುಟ ತಿರುವಿ ನಮ್ಮ ಮನೆ ಹುಡುಕಿ ಓದಿದ. ಒಂಬತ್ತು ತಲೆಮಾರು. ನಾನು ಪೆನ್ನು ಹಿಡಿದು ಪಕ್ಕದಲ್ಲೇ ಲೆಕ್ಕ ಹಾಕುತ್ತಾ ಹೋದೆ. ಐದನೆಯದಕ್ಕೆ ಬಂದಾಗ ಅವನು, ‘ಇವರು ಈ ಊರಿನವರಲ್ಲ ಸ್ವಾಮಿ, ಇಲ್ಲಿಗೆ ಬಂದವರು’ ಎಂದ. ನಾನು ತಡೆದೆ. ನನ್ನ ಇನಿಷಿಯಲ್‌ನಲ್ಲಿರುವ ಊರು ಇದು, ನಾವು ಇಲ್ಲಿನ ಮೂಲದವರು ಎಂದೆ. ಅವನು ಪುಸ್ತಕ ತಿರುಗಿಸಿ ಸಾಲು ತೋರಿಸಿದ. ಧಾತು ಸಂವತ್ಸರದ ಬರದಲ್ಲಿ ಹೊಸದುರ್ಗದ ಕಡೆಯ ಹಳ್ಳಿಯಿಂದ ‘ತಾಯಿಯು ಎರಡು ಗಂಡುಮಕ್ಕಳ ಸಮೇತ ಬಂದು ನೆಲೆಸಿದಳು’.

ಧಾತು ಬರ ಎಂದರೆ 1876ರಿಂದ 78ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಹುಟ್ಟಿದವರೆಲ್ಲ ಸೇರಿದ ಮೇಲೂ 8,69,224 ಕಡಿಮೆ. ಈ ಅಂಕಿಯನ್ನು ನಾನು ಮೊದಲೂ ಓದಿದ್ದೆ. ಅದರ ಆಚೆ ದಡ ಮುಟ್ಟಿದ ಒಬ್ಬಳು ನನ್ನ ಮುತ್ತಜ್ಜನ ಅಜ್ಜಿ ಎಂದು ಗೊತ್ತಿರಲಿಲ್ಲ. ಗಂಡನ ಹೆಸರಿನ ಮುಂದೆ ಪುಸ್ತಕದಲ್ಲಿ ‘ಬರದಲ್ಲಿ ಅಲ್ಲಿಯೇ ತೀರಿದರು’ ಎಂದಿದೆ. ಇಬ್ಬರು ಮಕ್ಕಳ ಹೆಸರೂ ಇದೆ. ಅವಳ ಹೆಸರು ಏನೆಂದು ಕೇಳಿದೆ. ಹೆಳವ ಪುಟದ ಮೇಲೆ ಬೆರಳಿಟ್ಟು ಹುಡುಕಿದ, ಹಿಂದಿನ ಪುಟ ನೋಡಿದ. ‘ತಾಯಿ ಅಂತಷ್ಟೇ ಇದೆ ಸ್ವಾಮಿ’ ಎಂದ.

ದೊಡ್ಡ ಮಗನ ಕವಲು ನಾವು. ಚಿಕ್ಕವನು ಬೆಳೆದ ಮೇಲೆ ಹಳೆಯ ಊರಿಗೇ ವಾಪಸಾದನಂತೆ. ಅವರ ಕಡೆಯವರ ಇನಿಷಿಯಲ್ ಬೇರೆ, ನಮ್ಮದು ಬೇರೆ. ಥೇಟ್ ಕ್ವಿಬೆಕ್ಕಿನ ‘ದಿ’ಯ ಕತೆ. ಮರುದಿನ ನಾವಿಬ್ಬರೂ ಬಸ್ಸು ಹತ್ತಿ ಆ ಊರಿಗೆ ಹೋದೆವು. ಮನೆ ಸಿಕ್ಕಿತು. ಯಜಮಾನರು ಕಾಫಿ ಕೊಟ್ಟು, ಹೆಳವ ಅವರಿಗೂ ಈ ಕತೆ ಹೇಳಿದ್ದಾನೆ ಎಂದರು. ಆ ತಾಯಿಯ ಹೆಸರು ಅವರಿಗೂ ಗೊತ್ತಿಲ್ಲ.

ನನ್ನ ಹೆಸರಿನ ಮೊದಲ ಅಕ್ಷರವನ್ನು ನಾನು ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಪರೀಕ್ಷೆಯ ಹಾಳೆಯ ಮೇಲೆ, ಬ್ಯಾಲೆನ್ಸ್ ಶೀಟಿನ ಕೆಳಗೆ, ವರ್ಕ್ ಪಾಸಿನ ಅರ್ಜಿಯ ಮೇಲೆ. ಅದು ಅವಳು ನಡೆದು ಮುಟ್ಟಿದ ಊರು. ಅವಳು ಬೇರೆ ಕಡೆ ತಿರುಗಿದ್ದರೆ ಆ ಅಕ್ಷರ ಬೇರೆ ಇರುತ್ತಿತ್ತು. ನಡುವೆ ಎಲ್ಲಾದರೂ ಬಿದ್ದಿದ್ದರೆ ಅಕ್ಷರವೂ ಇಲ್ಲ, ನಾನೂ ಇಲ್ಲ.

ಆಡಿಟರ್‌ನ ಎರಡು ಎಚ್ಚರಿಕೆ

ಇಲ್ಲಿ ನನ್ನ ವೃತ್ತಿಯ ಮಾತು ಹೇಳಲೇಬೇಕು. ಹೆಳವನ ಪುಸ್ತಕವನ್ನು ಹಾಗೇ ನಂಬಬೇಡಿ. ಕೊಡುವವನ ಮನೆಯಲ್ಲಿ ಕೂತು ಓದುವ ಪುಸ್ತಕದಲ್ಲಿ ಹೊಗಳಿಕೆ ಸೇರಿರುತ್ತದೆ, ಪ್ರತಿ ಮಾಡುವಾಗ ಒಂದು ತಲೆ ಬಿಟ್ಟುಹೋಗಿರುತ್ತದೆ. ಒಂದು ದಾಖಲೆಯನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ದಾಖಲೆಯ ಜೊತೆ ತಾಳೆ ನೋಡಬೇಕು. ನಮ್ಮ ವಿಷಯದಲ್ಲಿ ಹಳೆಯ ಊರಿನವರು ಹೇಳಿದ ಇಬ್ಬರು ಅಣ್ಣತಮ್ಮಂದಿರ ಹೆಸರು ಪುಸ್ತಕಕ್ಕೆ ತಾಳೆಯಾಯಿತು. ಆದರೆ ಅವರಿಗೂ ಹೇಳಿದವನು ಅದೇ ಹೆಳವ. ಹಾಗಾಗಿ ಅದನ್ನು ಅರ್ಧ ಪುರಾವೆ ಎಂದೇ ಬರೆದುಕೊಂಡಿದ್ದೇನೆ.

ಎರಡನೆಯ ಎಚ್ಚರಿಕೆ: ವಂಶ ಹುಡುಕುವುದು ಮೆರೆಯುವುದಕ್ಕಲ್ಲ. ನಮ್ಮ ದೇಶದಲ್ಲಿ ಮನೆತನದ ಹೆಸರು ಕೇಳುವುದೇ ಎಷ್ಟೋ ಸಲ ಯಾರನ್ನು ಹೊರಗೆ ಕೂರಿಸಬೇಕು ಎಂದು ತಿಳಿಯುವುದಕ್ಕೆ. ಊರಿನ ಹೆಸರನ್ನಷ್ಟೇ ಇಟ್ಟುಕೊಂಡು ಜಾತಿಯ ಹೆಸರು ಬಿಟ್ಟವರು ನಮ್ಮ ನಡುವೆ ಇದ್ದಾರೆ, ಅವರ ನಿರ್ಧಾರಕ್ಕೆ ಗೌರವವಿದೆ. ಭೈರಪ್ಪನವರ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯರು ವಂಶವೇ ಎಲ್ಲ ಎಂದು ನಂಬಿ ಬದುಕಿ, ತಮ್ಮ ಹುಟ್ಟಿನ ಬಗ್ಗೆ ತಿಳಿದುಕೊಂಡಿದ್ದು ನಿಜವಲ್ಲವೆಂದು ಕೊನೆಗೆ ಕಾಣುತ್ತಾರೆ. ನನಗೆ ಒಂಬತ್ತು ತಲೆಮಾರಿನ ಹೆಮ್ಮೆ ಏನೂ ಬರಲಿಲ್ಲ. ಕೂಳಿಲ್ಲದೆ ಗುಳೆ ಬಂದ ಒಬ್ಬಳ ಮನೆಯವನು ನಾನು ಎಂದು ತಿಳಿಯಿತು, ಅಷ್ಟೇ. ಇವತ್ತು ನಮ್ಮ ಕಾರ್ಖಾನೆಯ ಹಾಸ್ಟೆಲುಗಳಲ್ಲಿ ಬಾಂಗ್ಲಾದೇಶ, ನೇಪಾಳಗಳಿಂದ ಬಂದು ಇರುವ ಹುಡುಗರನ್ನು ನೋಡುವ ಕಣ್ಣು ಸ್ವಲ್ಪ ಬದಲಾಗಿದೆ.

ಎರಡು ಪ್ರತಿ ಇಡಿ

ಜಾರ್ಜ್‌ಟೌನಿನಲ್ಲಿರುವ ಖೂ ಕೊಂಗ್ಸಿಯನ್ನು ನೀವೆಲ್ಲ ನೋಡಿದ್ದೀರಿ, ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಜಾಗ. ಈಗಿನ ಕಟ್ಟಡ 1906ರದು. ಚೀನಾದ ಫೂಜಿಯನ್ ಪ್ರಾಂತ್ಯದ ಒಂದು ಹಳ್ಳಿಯಿಂದ ಬಂದ ಖೂ ಮನೆತನದವರು ಕಟ್ಟಿದ್ದು. ನಾವು ಚಾವಣಿಯ ಕೆತ್ತನೆಗೆ ಫೋಟೋ ಹೊಡೆದು ಬರುತ್ತೇವೆ. ಒಳಗೆ ಗೋಡೆಯ ಮೇಲೆ, ಪೀಠದ ಮೇಲೆ ಸಾಲುಸಾಲಾಗಿ ಇರುವುದು ಹೆಸರುಗಳು. ದುಡಿಯಲು ಸಮುದ್ರ ದಾಟಿದ ಜನ ಮೊದಲು ಹೆಸರಿಗೆ ಒಂದು ಸೂರು ಮಾಡಿದರು.

ನಮಗೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ನನ್ನ ಕೋರಿಕೆ ಇಷ್ಟು. ಮನೆಗೆ ಹೋದ ಮೇಲೆ ನಿಮ್ಮ ಇನಿಷಿಯಲ್‌ಗಳನ್ನು ಪೂರ್ತಿ ಬಿಡಿಸಿ ಕನ್ನಡದಲ್ಲಿ ಬರೆಯಿರಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಅಕ್ಷರ ಏನೆಂದು ಗೊತ್ತಿಲ್ಲ, ನನ್ನ ಮಗಳಿಗೂ ಗೊತ್ತಿರಲಿಲ್ಲ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಆಧಾರ್, ಪಹಣಿಗಳಲ್ಲಿ ನಿಮ್ಮ ಹೆಸರು ಎಷ್ಟು ರೀತಿ ಇದೆ ಎಂದು ಪಟ್ಟಿ ಮಾಡಿ, ನಾಳೆ ನಿಮ್ಮ ಮಕ್ಕಳು ಅಫಿಡವಿಟ್‌ಗೆ ಓಡಾಡುವುದು ತಪ್ಪುತ್ತದೆ. ಊರಿನ ಹಿರಿಯರಿಗೆ ಫೋನ್ ಮಾಡಿದಾಗ ಮಳೆ ಬೆಳೆ ಆದ ಮೇಲೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: ನಮ್ಮ ಅಜ್ಜಿಯ ತವರಿನ ಹೆಸರೇನು, ಅವಳ ತಾಯಿಯ ಹೆಸರೇನು? ಹಳೆಯ ಲಗ್ನಪತ್ರಿಕೆ, ಫೋಟೋ ಹಿಂದಿನ ಬರಹ, ಅಟ್ಟದ ಮೇಲಿನ ಪಾತ್ರೆ, ಎಲ್ಲದರ ಚಿತ್ರ ತೆಗೆಯಿರಿ. ಮುಖ್ಯವಾಗಿ ಪಾತ್ರೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ತರುವ ಮೊದಲು ಕಂಠ ಒಮ್ಮೆ ಓದಿ. ಎಲ್ಲವನ್ನೂ ಎರಡು ಪ್ರತಿ ಮಾಡಿ, ಒಂದು ಇಲ್ಲಿರಲಿ, ಒಂದು ಊರಿನಲ್ಲಿರಲಿ. ಕ್ವಿಬೆಕ್ಕಿನ ಪಾದ್ರಿಗಳು ಮಾಡಿದ್ದು ಇಷ್ಟೇ.

ಕೇಳಬೇಕಾದವರು ಇನ್ನೂ ಇದ್ದಾರೆ ಎಂಬುದು ನಮ್ಮ ಪುಣ್ಯ. ನನ್ನ ಅಜ್ಜಿ ಹಗ್ಗದ ಮಂಚದ ಮೇಲೆ ಕೂತು ನನ್ನ ಜೊತೆ ಹತ್ತು ವರ್ಷ ಮಾತಾಡಿದಳು. ನಾನು ಆಗ ಆ ಒಂದು ಪ್ರಶ್ನೆ ಕೇಳಿದ್ದರೆ ಅವಳು ತನ್ನ ಹೆಸರನ್ನೂ ಹೇಳುತ್ತಿದ್ದಳು, ಅವಳ ಅತ್ತೆಯಿಂದ ಕೇಳಿದ್ದ ಆ ಬರದ ತಾಯಿಯ ಹೆಸರನ್ನೂ ಬಹುಶಃ ಹೇಳುತ್ತಿದ್ದಳು. ಮೊದಲನೆಯದು ಬಿಂದಿಗೆಯಿಂದ ಸಿಕ್ಕಿತು. ಎರಡನೆಯದು ಹೋಯಿತು.

ಕಳೆದ ಮಹಾಲಯ ಅಮಾವಾಸ್ಯೆಗೆ ಇಲ್ಲೇ, ಹನ್ನೆರಡನೇ ಮಹಡಿಯ ಫ್ಲ್ಯಾಟಿನಲ್ಲಿ ಹಿರಿಯರಿಗೆ ಎಡೆ ಇಟ್ಟೆವು. ಬಾಳೆಎಲೆ ಬಯಾನ್ ಲೆಪಾಸ್ ಮಾರುಕಟ್ಟೆಯದು. ಅಪ್ಪನಿಗೊಂದು, ಅಜ್ಜನಿಗೊಂದು, ಅಜ್ಜಿಗೊಂದು ಹಾಕಿದ ಮೇಲೆ ಮಗಳು ಇನ್ನೊಂದು ಎಲೆ ತಂದಳು. ‘ಇದು ಯಾರಿಗೆ ಅಂತ ಹೇಳೋದು ಅಪ್ಪ?’ ಎಂದಳು. ಹೆಳವನ ಪುಸ್ತಕದಲ್ಲಿ ಇದ್ದ ಹಾಗೇ ಹೇಳು ಎಂದೆ. ‘ತಾಯಿ’ ಎಂದು ಹೇಳಿ ನೀರು ಬಿಟ್ಟಳು.

ಊಟ ತಯಾರಾಗಿದೆ ಎಂದು ಹಿಂದಿನಿಂದ ಸನ್ನೆ ಬರುತ್ತಿದೆ. ಎಲ್ಲರೂ ಊಟ ಮಾಡಿ, ಆಮೇಲೆ ಒಬ್ಬೊಬ್ಬರೂ ಪಕ್ಕದವರ ಇನಿಷಿಯಲ್ ಏನೆಂದು ಕೇಳಿ.